ಏಳೇ ಮಾತ್ರೆ ಯಾಕೆ? ಮೆಡಿಕಲ್ ಶಾಪಿನ ನನ್ನ ನೋಟ್‌ಬುಕ್

ನಮ್ಮ ಅಂಗಡಿಯ ಹುಡುಗ ಒಂದು ದಿನ ನನ್ನ ನೋಟ್‌ಬುಕ್ ತೆಗೆದು ಜೋರಾಗಿ ಓದಿಬಿಟ್ಟ. "ಕಪ್ಪು ಕೊಡೆಯ ಅಜ್ಜ. ಚಿಲ್ಲರೆ ಎರಡೆರಡು ಸಲ ಎಣಿಸುತ್ತಾರೆ. ನಮ್ಮ ಮೇಲೆ ನಂಬಿಕೆ ಇಲ್ಲ." ಓದಿ ತಲೆ ಎತ್ತಿದರೆ ಕೌಂಟರಿನ ಆಚೆ ಅದೇ ಅಜ್ಜ, ಅದೇ ಕೊಡೆ.

ನನಗೆ ಎಲ್ಲಿ ಮುಖ ಇಡುವುದು ಗೊತ್ತಾಗಲಿಲ್ಲ. ಅಜ್ಜ ಸಿಟ್ಟಾಗಲಿಲ್ಲ. ಎರಡು ನಾಣ್ಯ ನನ್ನ ಅಂಗೈಯಲ್ಲಿಟ್ಟರು. "ಹತ್ತು ಯಾವುದು, ಇಪ್ಪತ್ತು ಯಾವುದು, ಕಣ್ಣು ಮುಚ್ಚಿ ಹೇಳು ನೋಡುವ" ಅಂದರು. ಅವರ ಕಣ್ಣಿಗೆ ಪೊರೆ ಬಂದಿದೆ. ಎರಡು ನಾಣ್ಯವೂ ಹಳದಿ, ಬಿಳಿ ಎರಡು ಬಣ್ಣದವು. ಹತ್ತರದ್ದು ದುಂಡಗೆ, ಇಪ್ಪತ್ತರದ್ದಕ್ಕೆ 12 ಮೂಲೆ. ಅಜ್ಜ ಎಣಿಸುತ್ತಲೇ ಇರಲಿಲ್ಲ. ಬೆರಳಿನಿಂದ ಅಂಚು ಸವರಿ ನೋಡುತ್ತಿದ್ದರು. ಆರು ತಿಂಗಳಿಂದ ನಾನದನ್ನು 'ಎಣಿಸುವುದು' ಎಂದೇ ಬರೆದಿದ್ದೆ. ಯಾಕೆ ಎಂಬುದನ್ನು ತಪ್ಪು ತಿಳಿಯುವುದು ಇರಲಿ, ಏನು ಮಾಡುತ್ತಿದ್ದಾರೆ ಎಂಬುದನ್ನೇ ನಾನು ಸರಿಯಾಗಿ ನೋಡಿರಲಿಲ್ಲ.

ನಾನು ಉಡುಪಿಯ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. ಡಿ.ಫಾರ್ಮ್ ಮುಗಿಸಿ 19 ವರ್ಷ ಆಯಿತು. ಬಸ್ ಸ್ಟ್ಯಾಂಡ್ ಹತ್ತಿರ ಇರುವುದರಿಂದ ಎಲ್ಲ ತರಹದವರೂ ಬರುತ್ತಾರೆ. ಮಲ್ಪೆಯಿಂದ ಮೀನಿನ ಬುಟ್ಟಿ ಹಿಡಿದು ಬಂದವರು, ಮಣಿಪಾಲದ ಕಾಲೇಜು ಮಕ್ಕಳು, ಮಠಕ್ಕೆ ಬಂದು ಬಿಸಿಲಿಗೆ ತಲೆ ಸುತ್ತಿದ ಯಾತ್ರಿಕರು, ಮುಂಬೈಯಿಂದ ರಜೆಗೆ ಬಂದು ನೆಗಡಿ ಹಿಡಿಸಿಕೊಂಡವರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿ ಖಾಲಿ ಖಾಲಿ. ಆ ಹೊತ್ತಿಗೆ ಮೊಬೈಲ್ ನೋಡಿ ನೋಡಿ ಬೇಜಾರಾಗಿ, 2024ರ ಜನವರಿಯಲ್ಲಿ ಒಂದು 200 ಪುಟದ ಪುಸ್ತಕ ತಂದಿಟ್ಟೆ. ಜನ ಏನು ಮಾಡುತ್ತಾರೆ, ಮತ್ತೆ ಮತ್ತೆ ಹಾಗೇ ಯಾಕೆ ಮಾಡುತ್ತಾರೆ, ಸುಮ್ನೆ ಬರೆಯುವುದು. ಅಷ್ಟೇ ಉದ್ದೇಶ.

ಮೊದಲಿಗೆ ನಿಯಮ ಏನೂ ಇರಲಿಲ್ಲ. ಅಜ್ಜನ ಪ್ರಸಂಗ ಆದ ಮೇಲೆ ಮಾಡಿಕೊಂಡೆ. ಹೆಸರು ಬರೆಯುವುದಿಲ್ಲ, ಯಾರೆಂದು ಗೊತ್ತಾಗುವ ಗುರುತೂ ಬೇಡ. ಯಾರಿಗೆ ಯಾವ ಔಷಧಿ ಎಂಬುದಂತೂ ಬರೆಯುವ ಪ್ರಶ್ನೆಯೇ ಇಲ್ಲ. ಎಡಗಡೆ ಪುಟದಲ್ಲಿ ಕಂಡದ್ದು, ಪೆನ್ನಿನಲ್ಲಿ. ಬಲಗಡೆ ಪುಟದಲ್ಲಿ ನನ್ನ ಊಹೆ, ಪೆನ್ಸಿಲಿನಲ್ಲಿ. 'ನಂಬಿಕೆ ಇಲ್ಲ' ಎಂಬುದು ಕಂಡದ್ದಲ್ಲ, ಊಹೆ. ಅದನ್ನು ಎಡಗಡೆ ಬರೆದದ್ದೇ ನನ್ನ ಮೊದಲ ತಪ್ಪು. ಕೇಳಲು ಸುಲಭ, ಮಾಡಲು ಕಷ್ಟ. 'ಅವಸರದಲ್ಲಿದ್ದರು' ಅಂತ ಬರೆದು ಮತ್ತೆ ಯೋಚಿಸಿದರೆ ಅದೂ ಊಹೆಯೇ. ಕಂಡದ್ದು ಇಷ್ಟೇ: ಮೂರು ಸಲ ರಸ್ತೆಯ ಕಡೆ ನೋಡಿದರು.

ಅದೇ ದಿನ ಬರೆಯಬೇಕು ಎಂಬುದೂ ಒಂದು ನಿಯಮ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಕಡೆಯ ಒಂದು ಹಳ್ಳಿಯಲ್ಲಿದ್ದು ಅಲ್ಲಿನ ಜನಜೀವನ ಬರೆದಿಟ್ಟುಕೊಂಡಿದ್ದರು. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಯಾರೋ ಬೆಂಕಿ ಹಚ್ಚಿ, ಆ ಟಿಪ್ಪಣಿಗಳಿಂದ ಅವರು ಸಿದ್ಧಪಡಿಸಿಟ್ಟಿದ್ದ ಪ್ರತಿಗಳೆಲ್ಲ ಸುಟ್ಟುಹೋದವು. ಅವರು ನೆನಪಿನಿಂದಲೇ ಪುಸ್ತಕ ಬರೆದರು. ಅವರಿಂದ ಆಯಿತು. ನನಗೆ ಬೆಳಿಗ್ಗೆ ಬಂದ ಗಿರಾಕಿಯ ಮುಖ ಸಂಜೆಗೆ ನೆನಪಿರುವುದಿಲ್ಲ.

ಪುಸ್ತಕದಲ್ಲಿ ಒಂದು ಸಾಲು ಇದೆ. "ಹೆಂಗಸರು ಪ್ಯಾಡನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಅಡಗಿಸಿ ಒಯ್ಯುತ್ತಾರೆ." ಬಲಗಡೆ ಪೆನ್ಸಿಲಿನಲ್ಲಿ: "ನಾಚಿಕೆ." ಇದರಲ್ಲಿ ಸಂಶಯ ಪಡುವುದು ಎಂತ ಉಂಟು ಅಂತ ಪುಟ ಮಗುಚಿದ್ದೆ. ಏಪ್ರಿಲ್‌ನಲ್ಲಿ ಒಬ್ಬಳು ಹುಡುಗಿ, ಇಪ್ಪತ್ತರ ಆಸುಪಾಸು, "ಪೇಪರ್ ಬೇಡ ಅಕ್ಕ, ಹಾಗೇ ಕೊಡಿ" ಅಂದಳು. ನೋಡಿದರೆ ನನ್ನ ಕೈಯಲ್ಲಿ ಹಿಂದಿನ ದಿನದ ಉದಯವಾಣಿಯ ಅರ್ಧ ಹಾಳೆ ಆಗಲೇ ಹರಿದು ಸಿದ್ಧವಾಗಿತ್ತು. ಅವಳು ಕೇಳಿರಲಿಲ್ಲ. ಯೋಚಿಸಿದರೆ ಯಾರೂ ಕೇಳುತ್ತಿರಲಿಲ್ಲ. 19 ವರ್ಷದಿಂದ ಸುತ್ತುತ್ತಿದ್ದವಳು ನಾನು. ಬರೆದದ್ದು ಅವರ ನಾಚಿಕೆ ಅಂತ.

ಮರುದಿನದಿಂದ ಕೇಳಿಯೇ ಕೊಡುವುದು ಅಂತ ನಿಶ್ಚಯ ಮಾಡಿದೆ. "ಪೇಪರ್ ಬೇಕಾ?" ಎರಡೇ ಶಬ್ದ. ಮೊದಲ ಸಲ ಬಾಯಿಂದ ಹೊರಡಲೇ ಇಲ್ಲ, ಗಂಟಲು ಒಣಗಿತು. ಇಷ್ಟು ಸಣ್ಣ ವಿಷಯಕ್ಕೆ ಹೀಗಾ ಅಂತ ನನಗೇ ನಗು. ಆಮೇಲೆ ಓದಿ ತಿಳಿದದ್ದು, ಇದು ನನಗೊಬ್ಬಳಿಗೆ ಆದದ್ದಲ್ಲ. ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ತನ್ನ ವಿದ್ಯಾರ್ಥಿಗಳನ್ನು ನ್ಯೂಯಾರ್ಕಿನ ಸಬ್‌ವೇ ರೈಲಿಗೆ ಕಳಿಸಿದ್ದ. ಕೂತವರ ಹತ್ತಿರ ಹೋಗಿ ಕಾರಣ ಏನೂ ಹೇಳದೆ "ನಿಮ್ಮ ಸೀಟು ಕೊಡುತ್ತೀರಾ" ಅಂತ ಕೇಳುವುದು. 100ಕ್ಕೆ 68 ಮಂದಿ ಎದ್ದರು, ಇಲ್ಲವೇ ಸರಿದು ಜಾಗ ಮಾಡಿದರು. ಸೀಟು ಸಿಗುವುದು ಸುಲಭ, ಕೇಳುವುದೇ ಕಷ್ಟ. ಮಿಲ್‌ಗ್ರಾಂ ತಾನೇ ಕೇಳಲು ಹೋದಾಗ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತಂತೆ. ಸೀಟು ಸಿಕ್ಕಿ ಕೂತ ಮೇಲೆ, ಹುಷಾರಿಲ್ಲದವನ ಹಾಗೆ ಕಾಣಿಸಿಕೊಳ್ಳಬೇಕು ಅಂತ ಅನಿಸಿತಂತೆ. ಓದುವಾಗ ಆ ಮನುಷ್ಯನ ಮೇಲೆ ಪ್ರೀತಿಯೇ ಬಂತು.

ನನ್ನ ಪ್ರಯೋಗ ಚೆನ್ನಾಗಿ ನಡೆಯಿತು ಅಂತ ಹೇಳಲಾರೆ. ಬೇಡ ಅಂದವರು ಜಾಸ್ತಿ. ಆದರೆ ಕೌಂಟರಿನಲ್ಲಿ ನಾಲ್ಕು ಜನ ನಿಂತಿರುವಾಗ "ಪೇಪರ್ ಬೇಕಾ" ಅಂತ ಕೇಳಿದರೆ ನಾಲ್ಕೂ ಜನ ತಿರುಗಿ ನೋಡುತ್ತಾರೆ. ಇಲ್ಲದ ಮುಜುಗರ ನಾನೇ ತಂದಿಟ್ಟ ಹಾಗಾಯಿತು. ಹೆಂಡತಿಗೆಂದು ಕೊಂಡ ಒಬ್ಬರು "ಎರಡು ಪೇಪರ್ ಹಾಕಿ" ಅಂದರು. ಈಗ ಪೇಪರಿನ ತುಂಡುಗಳನ್ನು ಕೌಂಟರಿನ ಬದಿಯಲ್ಲಿ ಇಟ್ಟಿದ್ದೇನೆ. ಬೇಕಾದವರು ತೆಗೆದುಕೊಳ್ಳುತ್ತಾರೆ. ನಾನು ನೋಡುವುದೂ ಇಲ್ಲ.

ಭಾಷೆಯದ್ದೂ ಇದೇ ಕತೆ. ಬುಟ್ಟಿ ಕಂಡರೆ ತುಳುವಿನಲ್ಲಿ "ದಾದ ಬೋಡು?", ಇನ್‌ಶರ್ಟ್ ಕಂಡರೆ "ಏನು ಬೇಕಿತ್ತು?", ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್ ಕಂಡರೆ ಹಿಂದಿ. ಇದು ನನ್ನ ಬಾಯಿಗೆ ತನ್ನಿಂದ ತಾನೇ ಬರುತ್ತದೆ ಅಂತ ಒಂದು ವಾರ ಗೆರೆ ಎಳೆದು ಲೆಕ್ಕ ಇಟ್ಟ ಮೇಲೆಯೇ ಗೊತ್ತಾದದ್ದು. ನನ್ನ ಚಂದದ ಹಿಂದಿ ಕೇಳಿ ಒಬ್ಬ ಹುಡುಗ "ಅಕ್ಕ, ನಾನು ಕಾರ್ಕಳದವ" ಅಂದ.

ಇನ್ನು ಅಮಾವಾಸ್ಯೆ. ಇದಕ್ಕೆ ಒಂದೂವರೆ ವರ್ಷ ಹೋಯಿತು.

ಅಮಾವಾಸ್ಯೆಗೆ ಉಬ್ಬಸ ಜಾಸ್ತಿ ಅಂತ ನಮ್ಮ ಧಣಿಗಳ ನಂಬಿಕೆ. ಅವರದ್ದು ಮಾತ್ರ ಅಲ್ಲ, ನಮ್ಮ ಅಮ್ಮನೂ ಹೇಳುತ್ತಿದ್ದರು. "ನಲ್ವತ್ತು ವರ್ಷದಿಂದ ನೋಡ್ತಿದ್ದೇನೆ ಮಾರಾಯ್ತಿ, ಅಮಾವಾಸ್ಯೆ ಬಂತು ಅಂದರೆ ಇನ್ಹೇಲರ್ ಖಾಲಿ" ಅಂತ ಧಣಿಗಳು. ನೋಡಿಯೇ ಬಿಡುವ ಅಂತ ಹೊರಟೆ. ಮೊದಲ ತಿಂಗಳು ನಾನು ಮಾಡಿದ್ದು, ಅಮಾವಾಸ್ಯೆಯ ದಿನ ಎಷ್ಟು ಇನ್ಹೇಲರ್ ಹೋಯಿತು ಅಂತ ಬರೆದದ್ದು. ಐದು. ಹೌದಲ್ಲ, ಜಾಸ್ತಿಯೇ ಅಂತ ಅನಿಸಿತು. ಯಾವುದಕ್ಕಿಂತ ಜಾಸ್ತಿ? ಬೇರೆ ದಿನದ್ದನ್ನು ನಾನು ಎಣಿಸಿರಲೇ ಇಲ್ಲ.

1960ರಲ್ಲಿ ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಒಂದು ಆಟ ಇದೆ. 2, 4, 6 ಎಂಬ ಮೂರು ಸಂಖ್ಯೆ ಕೊಡುತ್ತಾರೆ. ಇದರ ಹಿಂದೆ ಒಂದು ನಿಯಮ ಉಂಟು, ನೀವು ಬೇರೆ ಮೂರು ಸಂಖ್ಯೆ ಹೇಳಿ, ನಿಯಮಕ್ಕೆ ಸರಿಯಾ ತಪ್ಪಾ ಹೇಳುತ್ತೇನೆ, ನಿಯಮ ಕಂಡುಹಿಡಿಯಿರಿ ಅನ್ನುತ್ತಾರೆ. ಅಕ್ಕನ ಮಗನಿಗೆ ಕೊಟ್ಟೆ. 8, 10, 12 ಅಂದ. ಸರಿ. 20, 22, 24. ಸರಿ. "ಎರಡೆರಡು ಜಾಸ್ತಿ ಆಗುವುದು" ಅಂತ ಎದೆ ಉಬ್ಬಿಸಿ ಹೇಳಿದ. ತಪ್ಪು. ನಿಯಮ ಇಷ್ಟೇ: ಏರುತ್ತಾ ಹೋಗುವ ಯಾವುದೇ ಮೂರು ಸಂಖ್ಯೆ. 1, 7, 50 ಕೂಡ ನಡೆಯುತ್ತಿತ್ತು. ತನ್ನ ಊಹೆಗೆ ಹೊಂದದ ಒಂದನ್ನೂ ಅವನು ಕೇಳಿ ನೋಡಲಿಲ್ಲ. ವೇಸನ್ ಕೂರಿಸಿದ 29 ಮಂದಿಯಲ್ಲಿ ಒಮ್ಮೆಯೂ ತಪ್ಪು ಹೇಳದೆ ನಿಯಮ ಹಿಡಿದವರು 6 ಮಂದಿ ಮಾತ್ರ. ಅಮಾವಾಸ್ಯೆ ದಿನವಷ್ಟೇ ಎಣಿಸಿದ ನಾನು ಅಕ್ಕನ ಮಗನಿಗೆ ಬುದ್ಧಿ ಹೇಳುವ ಹಾಗಿರಲಿಲ್ಲ.

ಹಾಗಾಗಿ ಒಂದು ಹಾಳೆಯಲ್ಲಿ ನಾಲ್ಕು ಚೌಕ ಹಾಕಿದೆ. ಅಮಾವಾಸ್ಯೆ, ಜಾಸ್ತಿ ಹೋಯಿತು. ಅಮಾವಾಸ್ಯೆ, ಜಾಸ್ತಿ ಹೋಗಲಿಲ್ಲ. ಬೇರೆ ದಿನ, ಜಾಸ್ತಿ ಹೋಯಿತು. ಬೇರೆ ದಿನ, ಹೋಗಲಿಲ್ಲ. ಧಣಿಗಳ ನಲ್ವತ್ತು ವರ್ಷದ ನೆನಪಿನಲ್ಲಿ ಇದ್ದದ್ದು ಮೊದಲನೇ ಚೌಕ ಒಂದೇ. ಉಳಿದ ಮೂರರಲ್ಲಿ ಏನೂ ನಡೆಯದ ಹಾಗಿರುತ್ತದೆ, ಹಾಗಾಗಿ ನೆನಪಲ್ಲಿ ನಿಲ್ಲುವುದಿಲ್ಲ. ಎಷ್ಟು ಹೋದರೆ 'ಜಾಸ್ತಿ' ಎಂಬುದನ್ನೂ ಮೊದಲೇ ಬರೆದಿಟ್ಟೆ. ಆಮೇಲೆ ನಿರ್ಧರಿಸಿದರೆ ಮನಸ್ಸು ತನಗೆ ಬೇಕಾದ ಕಡೆಗೆ ಎಳೆಯುತ್ತದೆ. ಬಿಲ್ ಎಲ್ಲ ಕಂಪ್ಯೂಟರಿನಲ್ಲಿ ಇರುವುದರಿಂದ ದಿನದ ಲೆಕ್ಕ ತೆಗೆಯುವುದು ಕಷ್ಟ ಆಗಲಿಲ್ಲ. 2024ರ ಜೂನ್‌ನಿಂದ ಡಿಸೆಂಬರ್‌ವರೆಗೆ ಏಳು ತಿಂಗಳು. ಅಮಾವಾಸ್ಯೆ, ಅದರ ಹಿಂದೆ ಮುಂದೆ ಎರಡೆರಡು ದಿನ, ಮತ್ತು ಉಳಿದ ದಿನಗಳು.

ಧಣಿಗಳು ಗೆದ್ದರು! ನಾಲ್ಕು ಚೌಕ ತುಂಬಿಸಿದ ಮೇಲೂ ಅಮಾವಾಸ್ಯೆಯ ಆಸುಪಾಸಿನಲ್ಲೇ ಇನ್ಹೇಲರ್ ಸ್ಪಷ್ಟವಾಗಿ ಜಾಸ್ತಿ ಹೋಗಿತ್ತು. ಅವರು ಒಂದು ವಾರ ನನ್ನನ್ನು "ಎಂತ ವಿಜ್ಞಾನಿಗಳೇ" ಅಂತ ಕರೆದರು.

ಸಂಶಯ ಬಂದದ್ದು ಕ್ಯಾಲೆಂಡರ್ ಬದಲಿಸುವಾಗ. ಹಳೆಯದನ್ನು ಗೋಡೆಯಿಂದ ತೆಗೆದು ಮಗುಚಿ ನೋಡುತ್ತಿದ್ದೆ. ಜೂನ್ 6, ಜುಲೈ 5, ಆಗಸ್ಟ್ 4. ಹಾಗೇ ಇಳಿಯುತ್ತಾ ನವೆಂಬರ್ 1, ಡಿಸೆಂಬರ್ 1. ಡಿಸೆಂಬರ್ 30ಕ್ಕೆ ಬಂದ ಇನ್ನೊಂದನ್ನು ಬಿಟ್ಟರೆ, ನಾನು ಲೆಕ್ಕ ಇಟ್ಟ ಏಳು ತಿಂಗಳಲ್ಲೂ ಅಮಾವಾಸ್ಯೆ ತಿಂಗಳ ಮೊದಲ ವಾರದಲ್ಲೇ ಬಂದಿತ್ತು. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಇಪ್ಪತ್ತೊಂಬತ್ತೂವರೆ ದಿನ. ನಮ್ಮ ತಿಂಗಳು ಅದಕ್ಕಿಂತ ಸುಮಾರು ಒಂದು ದಿನ ಉದ್ದ. ಹಾಗಾಗಿ ಅಮಾವಾಸ್ಯೆ ತಿಂಗಳಿಗೆ ಒಂದೊಂದೇ ದಿನ ಹಿಂದೆ ಸರಿಯುತ್ತದೆ. ಒಮ್ಮೆ ಮೊದಲ ವಾರಕ್ಕೆ ಬಂದರೆ ಆರೇಳು ತಿಂಗಳು ಅಲ್ಲೇ ಠಿಕಾಣಿ. ಮೊದಲ ವಾರ ಅಂದರೆ ಸಂಬಳದ ವಾರ, ಪೆನ್ಶನ್ ವಾರ. ಇನ್ಹೇಲರ್ ಮಾತ್ರ ಅಲ್ಲ, ನಮ್ಮ ಅಂಗಡಿಯಲ್ಲಿ ಎಲ್ಲವೂ ಜಾಸ್ತಿ ಹೋಗುವುದು ಆಗಲೇ.

2025ರಲ್ಲಿ ಅಮಾವಾಸ್ಯೆ ತಿಂಗಳ ಕೊನೆಗೆ ಹೋಯಿತು. ಜನವರಿ 29, ಮಾರ್ಚ್ 29, ಹೀಗೆ. ಪಾಲೆ ಮರದ ಕಷಾಯ ಕುಡಿಯುವ ಆಟಿ ಅಮಾವಾಸ್ಯೆ 2024ರಲ್ಲಿ ಆಗಸ್ಟ್ 4ಕ್ಕೆ ಇದ್ದದ್ದು 2025ರಲ್ಲಿ ಜುಲೈ 24ಕ್ಕೆ ಬಂತು. ನಾನು ಉಸಿರು ಬಿಗಿಹಿಡಿದು ಕಾದೆ. ಇನ್ಹೇಲರ್ ಅಮಾವಾಸ್ಯೆಯ ಹಿಂದೆ ಹೋಗಲಿಲ್ಲ. ಸಂಬಳದ ವಾರದಲ್ಲೇ ಉಳಿಯಿತು. ಧಣಿಗಳಿಗೆ ಹಾಳೆ ತೋರಿಸಿದೆ. ಕನ್ನಡಕ ಹಾಕಿ ಪೂರ್ತಿ ನೋಡಿದರು. "ನಿನ್ನ ಲೆಕ್ಕ ಸರಿ ಇರಬಹುದು. ಆದರೆ ಇನ್ಹೇಲರ್ ಕೊಂಡ ದಿನ ಉಬ್ಬಸ ಬಂದ ದಿನ ಅಲ್ಲ ಅಲ್ವಾ?" ಅಂದರು. ಅದು ನಿಜ. ನಾನು ಅಳೆದದ್ದು ವ್ಯಾಪಾರವನ್ನು, ಉಸಿರಾಟವನ್ನಲ್ಲ. ಆದರೆ 'ಇನ್ಹೇಲರ್ ಖಾಲಿ' ಎಂಬುದೂ ವ್ಯಾಪಾರದ ಮಾತೇ ಅಲ್ಲವಾ ಅಂತ ನಾನೂ ಬಿಡಲಿಲ್ಲ. ನಮ್ಮಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ.

ತಲೆಬರಹದ ಏಳು ಮಾತ್ರೆಯ ವಿಷಯಕ್ಕೆ ಬರುತ್ತೇನೆ. ನನಗೆ ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಅದು.

ಮೀನು ಮಾರುವ ಹೆಂಗಸರಲ್ಲಿ ಕೆಲವರು ಬಿಪಿ ಮಾತ್ರೆ ಏಳೇ ತೆಗೆದುಕೊಳ್ಳುತ್ತಾರೆ. ಸ್ಟ್ರಿಪ್‌ನಲ್ಲಿ ಹತ್ತೋ ಹದಿನೈದೋ ಇರುತ್ತದೆ, ಕತ್ತರಿಸಿ ಕೊಡಬೇಕು. ಕತ್ತರಿಸುವುದು ನಮಗೆ ತಲೆನೋವು. ಎಕ್ಸ್‌ಪೈರಿ ಡೇಟ್ ಮುದ್ರಿಸಿದ ಬದಿ ಉಳಿಯಬೇಕು, ಉಳಿದ ತುಂಡು ಯಾವುದೋ ಡಬ್ಬಿಯ ತಳದಲ್ಲಿ ಕಳೆದುಹೋಗುತ್ತದೆ. "ಪೂರಾ ಸ್ಟ್ರಿಪ್ ತೆಗೆದುಕೊಳ್ಳಿ ಅಕ್ಕ, ದಿನಾ ತಿನ್ನುವುದಲ್ವಾ" ಅಂದರೆ ನಗುತ್ತಾರೆ, ಏಳೇ ಬೇಕು ಅನ್ನುತ್ತಾರೆ. ಬಲಗಡೆ ಪುಟದಲ್ಲಿ ಬರೆದೆ: "ಕೈಯಲ್ಲಿ ದುಡ್ಡಿಲ್ಲ." ಪೆನ್ಸಿಲಿನಲ್ಲೇ ಬರೆದದ್ದು, ಆದರೆ ಒತ್ತಿ ಬರೆದಿದ್ದೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಅಂಟಿ ನಿಂತಿರುತ್ತವೆ. ನಾಡದೋಣಿಯ ಮೀನು, ಹೊರಗಿನಿಂದ ಐಸಿನಲ್ಲಿ ಬರುವ ಮೀನು, ಒಣಮೀನು, ಇಷ್ಟರಲ್ಲೇ ವ್ಯಾಪಾರ ಸಾಗಬೇಕು. ದುಡ್ಡೇ ಕಾರಣವಾದರೆ ಆ ಎರಡು ತಿಂಗಳು ಏಳು ಹೋಗಿ ಐದೋ ಮೂರೋ ಆಗಬೇಕಿತ್ತು. ಮೇ ಕೊನೆಯ ವಾರ ಅವರಲ್ಲಿ ಒಬ್ಬರು ಬಂದು "ಅರುವತ್ತು ಕೊಡು ಮಗ" ಅಂದರು.

ನಾನು ಬಾಯಿ ಬಿಟ್ಟು ನಿಂತೆ. ಆ ದಿನ ಕೌಂಟರಿನಲ್ಲಿ ಬೇರೆ ಯಾರೂ ಇರಲಿಲ್ಲ, ಹಾಗಾಗಿ ಕೇಳುವ ಧೈರ್ಯ ಬಂತು. "ಅಕ್ಕ, ಯಾವಾಗಲೂ ಏಳು ತೆಗೆದುಕೊಳ್ಳುವವರು ಈಗ ಎಂತ ಅರುವತ್ತು?"

"ದಿನಾ ಈ ದಾರಿಯಲ್ಲಿ ಬರ್ತೇನಲ್ಲ, ಹಾಗೆ ಏಳು. ಗುರುವಾರ ತಗೊಂಡರೆ ಮುಂದಿನ ಗುರುವಾರಕ್ಕೆ ಮುಗಿಯಬೇಕು. ಒಂದು ಉಳಿದರೆ ಒಂದು ದಿನ ತಿನ್ನಲಿಲ್ಲ ಅಂತ ಲೆಕ್ಕ. ಹದಿನೈದು ಇಟ್ಟುಕೊಂಡರೆ ಯಾವತ್ತು ತಿಂದೆ, ಯಾವತ್ತು ಬಿಟ್ಟೆ, ಯಾರಿಗೆ ಗೊತ್ತಾಗ್ತದೆ? ಇನ್ನು ಎರಡು ತಿಂಗಳು ಈ ಕಡೆ ಬರುವುದು ಕಮ್ಮಿ."

ಮಾತ್ರೆ ತಿಂದದ್ದು ನೆನಪಿರಲಿ ಅಂತ ವಾರದ ಖಾನೆಗಳಿರುವ ಡಬ್ಬಿ ನಮ್ಮಲ್ಲೇ ಮಾರಾಟಕ್ಕಿದೆ. ಅವರು ಅದೇ ಕೆಲಸವನ್ನು ನನ್ನ ಕತ್ತರಿಯಿಂದ ಮಾಡಿಸಿಕೊಳ್ಳುತ್ತಿದ್ದರು. "61 ದಿನ ಅಕ್ಕ, ಇನ್ನೊಂದು ಸೇರಿಸಲಾ?" ಅಂದೆ. "ಆಗಸ್ಟ್ ಒಂದಕ್ಕೆ ಬರ್ತೇನೆ, ಆಗ ಬೈದು ಕೊಡು" ಅಂದರು.

ಪೆನ್ಸಿಲಿನ ಸಾಲು ಅಳಿಸಿ "ಏಳು ಅಂದರೆ ವಾರದ ಲೆಕ್ಕ" ಅಂತ ಬರೆದೆ. ಬರೆದು ಖುಷಿಯಲ್ಲಿ ಕೂತೆ. ಈ ಖುಷಿಯೇ ಅಪಾಯ ಅಂತ ಈಗ ಅನಿಸುತ್ತದೆ, ಯಾಕೆಂದರೆ ಅಲ್ಲಿಗೆ ಹುಡುಕುವುದು ನಿಲ್ಲಿಸಿಬಿಟ್ಟೆ. ಏಳು ಕೊಳ್ಳುತ್ತಿದ್ದವರು ಒಬ್ಬರೇ ಅಲ್ಲ. ಇನ್ನೊಬ್ಬರು ಜೂನ್, ಜುಲೈಯಲ್ಲಿ ನಮ್ಮ ಅಂಗಡಿಗೆ ಬರಲೇ ಇಲ್ಲ. ಬರಲಿಲ್ಲ ಎಂಬುದು ನನಗೆ ಗೊತ್ತೂ ಆಗಲಿಲ್ಲ. ಬಂದವರನ್ನು ಬರೆಯುವ ಪುಸ್ತಕದಲ್ಲಿ ಬಾರದವರಿಗೆ ಪುಟ ಎಲ್ಲಿ?

ಎರಡನೇ ಮಹಾಯುದ್ಧದ ಕಾಲದ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಕತೆ ತುಂಬ ಜನರಿಗೆ ಗೊತ್ತಿರಬಹುದು. ಗುಂಡು ತಿಂದು ಮರಳಿದ ವಿಮಾನಗಳಲ್ಲಿ ಎಲ್ಲಿ ತೂತು ಇದೆ ಎಂಬುದಷ್ಟೇ ನೋಡಬಾರದು, ಎಲ್ಲಿ ತೂತು ಇಲ್ಲ ನೋಡಿ, ಅಲ್ಲಿ ಪೆಟ್ಟು ತಿಂದವು ಮರಳಿ ಬಂದಿಲ್ಲ ಎಂಬುದು ಅವರ ಲೆಕ್ಕ. ಇದನ್ನು ನಾನು ಎಷ್ಟೋ ಮಂದಿಗೆ ಕತೆ ಮಾಡಿ ಹೇಳಿದ್ದೆ. ನನ್ನ ಕೌಂಟರಿಗೆ ಅನ್ವಯಿಸಲು ಹೊಳೆದಿರಲಿಲ್ಲ.

ಎರಡು ತಿಂಗಳು ಕಾಣದ ಆ ಇನ್ನೊಬ್ಬರು ಬಂದದ್ದು ಆಗಸ್ಟ್ ಎರಡನೇ ವಾರ. ಮತ್ತೆ ಏಳು. ಎರಡು ತಿಂಗಳು ಎಲ್ಲಿ ತೆಗೆದುಕೊಂಡಿರಿ ಅಂತ ಕೇಳಿದೆ. "ತಿನ್ನಲೇ ಇಲ್ಲ. ಮನೆಯಲ್ಲಿ ಸುಮ್ನೆ ಕೂತವಳಿಗೆ ಎಂತ ಬಿಪಿ?" ಬೆಳಿಗ್ಗೆ ಬೇಗ ಎದ್ದು ಬಂದರಿಗೆ ಓಡುವುದು, ಹರಾಜಿನ ಗಲಾಟೆ, ಬಸ್ಸು, ಇದರಿಂದ ಬಿಪಿ, ಕೆಲಸ ಇಲ್ಲದಿದ್ದರೆ ಬಿಪಿಯೂ ಇಲ್ಲ ಎಂಬುದು ಅವರ ಲೆಕ್ಕ. ಡಾಕ್ಟರಲ್ಲಿಗೆ ಹೋಗಿ ಚೆಕ್ ಮಾಡಿಸಿಯೇ ಬನ್ನಿ ಅಂತ ಅವತ್ತು ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಹೋದರು, ಬೈಸಿಕೊಂಡರು, ಬಂದು ನನಗೆ ಬೈದರು. ಮೂರನೆಯವರನ್ನು ಕೇಳಿದರೆ, "ಏಳಕ್ಕೆ ದುಡ್ಡು ಉಂಟು, ಏಳು ಕೊಡು" ಅಂದರು. ಅಂದರೆ ನನ್ನ ಮೊದಲ ಊಹೆ ಪೂರ್ತಿ ಸುಳ್ಳೂ ಅಲ್ಲ.

ಮೂರು ಹೆಂಗಸರು, ಒಂದೇ ಏಳು, ಕಾರಣ ಮೂರು. ಕೌಂಟರಿನ ಈಚೆಯಿಂದ ನೋಡಿದರೆ ಮೂವರೂ ಒಂದೇ ತರಹ. ಅದಾದ ಮೇಲೆ ಆಗಸ್ಟ್ ಬಂದರೆ ಸಾಕು, ಯಾರು ಮರಳಿ ಬರಲಿಲ್ಲ ಅಂತ ನೋಡುವುದು ರೂಢಿಯಾಗಿದೆ. ಇದಕ್ಕೆ ಪುಸ್ತಕ ಬೇಡ, ಮುಖ ಸಾಕು. ಕಂಡರೆ ಸಮಾಧಾನ, ಕಾಣದಿದ್ದರೆ ಜೊತೆಯವರ ಹತ್ತಿರ "ಅವರೆಲ್ಲಿ ಈಗ ಕಾಣುವುದಿಲ್ಲ?" ಅಂತ ಕೇಳುತ್ತೇನೆ.

ಕೇಳುವುದಕ್ಕೂ ಒಂದು ಹದ ಬೇಕು. 'ಯಾಕೆ' ಅಂದರೆ ಜನ ಬೈದ ಹಾಗೆ ತಿಳಿಯುತ್ತಾರೆ. "ಯಾವತ್ತಿನಿಂದ ಹೀಗೆ?" ಅಥವಾ "ಹೀಗೆ ಮಾಡದ ದಿನ ಯಾವುದಾದರೂ ಉಂಟಾ?" ಅಂದರೆ ಅವರೇ ಕತೆ ಹೇಳುತ್ತಾರೆ. ಬಿಲ್ ಕೊಡುವ ಮೊದಲು ಕೇಳಬಾರದು, ಚಿಲ್ಲರೆ ಕೊಟ್ಟ ಮೇಲೆ ಕೇಳಬೇಕು. ಹಿಂದೆ ಜನ ನಿಂತಿದ್ದರೆ ಕೇಳಲೇಬಾರದು. ಕೆಲವರು ಉತ್ತರ ಕೊಡುವುದಿಲ್ಲ, ಅದು ಅವರ ಇಷ್ಟ.

ಕಳೆದ ತಿಂಗಳು ಹೊಸ ಪುಸ್ತಕ ಶುರು ಮಾಡಿದೆ. ಮೊದಲ ಸಾಲು: "ಹತ್ತು ವರ್ಷದಿಂದ ಒಂದೇ ಮಾತ್ರೆ ತಿನ್ನುವವರೂ ಪ್ರತಿ ಸಲ 'ಊಟಕ್ಕೆ ಮೊದಲಾ, ಆಮೇಲಾ' ಅಂತ ಕೇಳುತ್ತಾರೆ." ಬಲಗಡೆ ಪುಟ ಖಾಲಿ ಬಿಟ್ಟೆ. ಮೊನ್ನೆ ಕಪ್ಪು ಕೊಡೆಯ ಅಜ್ಜ ಬಂದು ಅದನ್ನೇ ಕೇಳಿದರು. ಉತ್ತರ ಹೇಳಿ, ಚಿಲ್ಲರೆ ಕೊಟ್ಟು, ಅವರು ಅಂಚು ಸವರಿ ಮುಗಿಸಿದ ಮೇಲೆ ಕೇಳಿದೆ. "ಅಜ್ಜ, ಇದನ್ನು ಯಾವತ್ತಿನಿಂದ ಕೇಳ್ತಿದ್ದೀರಿ?"

"ನೀನು ಒಮ್ಮೆ ಬೇರೆ ಹೇಳಿದ ದಿನದಿಂದ."

"ನಾನಾ? ಎಂತ ಹೇಳಿದ್ದೆ?"

"ಊಟಕ್ಕೆ ಮೊದಲು ಅಂತ. ಅದರ ಮುಂದಿನ ತಿಂಗಳು ಊಟದ ಮೇಲೆ ಅಂತ."

ಅವರು ಹೋದ ಮೇಲೆ ಹಳೆಯ ಪುಸ್ತಕ ತೆಗೆದು ಒಂದೊಂದೇ ಪುಟ ನೋಡಿದೆ. ಗಿರಾಕಿಗಳು ಹೇಳಿದ್ದೆಲ್ಲ ಅದರಲ್ಲಿತ್ತು. ನಾನು ಹೇಳಿದ್ದು ಒಂದೂ ಇರಲಿಲ್ಲ.